ಬರಿದಾದ ಗುಳಿಗೆಯ ಸಿಟ್ಟು

ರಕ್ತದೊತ್ತಡಕ್ಕೆಂದು ಮುದುಕ ಭರಮಣ್ಣ ನುಂಗಿದ್ದ ಗುಳಿಗೆಯ ಪಾಲಿಮರ್ ಕವಚ ಮರುದಿನ ಮಲದೊಂದಿಗೆ ಇಡಿಯಾಗಿ ಹೊರಬಿತ್ತು.

"ನಂಬಿದವನ ಕತ್ತು ಕೊಯ್ದೆಯಾ!" ಪಾಯಖಾನೆಯ ತಂಬಿಗೆ ಕೆರಳಿತು. "ಹೋದ ಹಾಗೆಯೇ ಬಂದಿದ್ದೀಯಲ್ಲ!"

"ಒಳಗಿದ್ದ ಔಷಧಿಯನ್ನೆಲ್ಲ ದಿನವಿಡೀ ಇಷ್ಟಿಷ್ಟಾಗಿ ಕೊಟ್ಟು ಬರಿದಾಗಿದ್ದೇನೆ," ಎಂದಿತು ಕವಚ.

"ಸುಳ್ಳು! ಕೊಟ್ಟಿದ್ದರೆ ಕರಗಿಹೋಗುತ್ತಿದ್ದೆ."

"ನೀರು ಕೊಟ್ಟು ಬರಿದಾದಾಗ ನೀನು ಕರಗುತ್ತೀಯೇನು?"

ಅಷ್ಟರಲ್ಲಿ ಭರಮಣ್ಣನೂ ಕವಚವನ್ನು ಕಂಡಿದ್ದ. "ಕರಗದ ಗುಳಿಗೆ ಕೊಟ್ಟಿದ್ದಾರೆ, ಕಳ್ಳರು! ಇವತ್ತಿನದನ್ನು ಕುಟ್ಟಿ ಪುಡಿಮಾಡಿಯೇ ನುಂಗುತ್ತೇನೆ," ಎಂದು ಬೈಯುತ್ತ ಅಡುಗೆಮನೆಗೆ ನಡೆದ.

"ತಡೆ ಅವನನ್ನು!" ಕವಚ ಚೀರಿತು. "ಇಡೀ ದಿನದ ಔಷಧಿ ಒಂದೇ ಏಟಿಗೆ ರಕ್ತಕ್ಕಿಳಿದರೆ ಅವನು ಮತ್ತೆ ಏಳುವುದಿಲ್ಲ!"

"ಅವನೂ ನನ್ನಂತೆಯೇ, ನಿನ್ನ ಆಕಾರವನ್ನಷ್ಟೇ ನೋಡಿದ," ಎಂದಿತು ತಂಬಿಗೆ.

ಒಳಗೆ ಕುಟ್ಟಾಣಿಯ ಸದ್ದು ಶುರುವಾಯಿತು.