ಇಪ್ಪತ್ತು ಲಕ್ಷದಲ್ಲಿ ಅರವತ್ತು

ಗುಡ್ಡದ ಮೇಲೆ ಆಷಾಢದ ಗಾಳಿಗೆ ಗಾಳಿಯಂತ್ರ ಗಿರಗಿರ ತಿರುಗುತ್ತಿತ್ತು. ಕೆಳಗಿನ ಕೋಳಿಮನೆಯಲ್ಲಿ ಕರೆಂಟ್ ಹೋಗಿ, ಮರಿಗಳಿಗೆ ಕಾವು ಕೊಡುವ ಬಲ್ಬು ಆರಿಹೋಗಿತ್ತು. ಒಂದು ಮರಿ ನಡುಗುತ್ತ ಹೊರಗೆ ಬಂದು ಗಾಳಿಯಂತ್ರವನ್ನು ಕೇಳಿತು: "ಅಣ್ಣಾ, ನಿನ್ನ ಹತ್ತಿರ ಎಷ್ಟು ಕರೆಂಟ್ ಇದೆ?"

"ಎರಡು ಮೆಗಾವ್ಯಾಟ್! ಅಂದರೆ ಇಪ್ಪತ್ತು ಲಕ್ಷ ವ್ಯಾಟ್. ನನ್ನೆದುರು ನಿಲ್ಲೋ ಗಂಡು ಈ ಸೀಮೆಯಲ್ಲಿ ಯಾವನಿದ್ದಾನೆ?"

"ಯಾರೂ ಇಲ್ಲಣ್ಣ. ನಮಗೆ ಅರವತ್ತು ವ್ಯಾಟ್ ಕೊಡು, ತಮ್ಮಂದಿರು ಸಾಯ್ತಿದ್ದಾರೆ."

"ಅರವತ್ತಾ? ನಾನು ದೂರದ ಪಟ್ಟಣವನ್ನೇ ಬೆಳಗೋನು ಕಣೋ!"

"ನಾವು ನಿನ್ನ ಕಾಲಬುಡದಲ್ಲೇ ಇದ್ದೀವಲ್ಲ."

ಯಂತ್ರದ ದನಿ ಇಳಿಯಿತು. "ಇಲ್ಲಿಗೆ ನನ್ನ ತಂತಿ ಬರಲ್ಲ ಮರಿ."

ಮರಿ ಒಳಗೆ ಹೋಗಿ, ತಣ್ಣಗಾಗಿದ್ದ ತಮ್ಮಂದಿರ ನಡುವೆ ಕೂತಿತು. "ಪಾಪ, ಅವನ ಹತ್ತಿರ ಅರವತ್ತೂ ಇಲ್ಲವಂತೆ ಕಣ್ರೋ," ಎಂದಿತು. ಕೊಕ್ಕಿನಿಂದ ಒಬ್ಬೊಬ್ಬರನ್ನೇ ತಟ್ಟಿತು; ಯಾರೂ ಕದಲಲಿಲ್ಲ.