ಹೆದೆ ಇಳಿಸಿದ ಬಿಲ್ಲು

ಒಂದಾನೊಂದು ಕಾಲ. ಎಷ್ಟು ಹಿಂದೆ ಅಂತ ಕೇಳಬೇಡ, ನನ್ನಜ್ಜಿಗೂ ಗೊತ್ತಿರಲಿಲ್ಲ. ನೀನು ಹ್ಞೂಂ ಅಂತಿರು. ಹ್ಞೂಂ ನಿಂತರೆ ಕತೆಯೂ ನಿಲ್ಲುತ್ತೆ.

ಆಗ ಒಂದು ಕುರುಚಲು ಗುಡ್ಡದ ಬುಡದಲ್ಲಿ ಕಾಟಯ್ಯ ಅನ್ನೋ ಬೇಟೆಗಾರ ಇದ್ದನಂತೆ. ಗುಡ್ಡದಿಂದ ಇಳಿಯೋ ಹಂದಿ, ಜಿಂಕೆಗಳಿಂದ ಊರಿನ ಹೊಲ ಕಾಯೋದು ಅವನ ಮನೆತನದ ಕೆಲಸ. ಅದಕ್ಕೆ ಸುಗ್ಗಿಯಲ್ಲಿ ಹೊಲಕ್ಕೊಂದು ಮೊರ ಕಾಳು ಬರೋದು, ಅದರಲ್ಲೇ ಅವರ ವರ್ಷ ಕಳಿಯೋದು. ಕಾವಲಿನ ಗುರುತಿಗೆ ಒಂದು ಊದೋ ಕೊಂಬು ಇತ್ತಂತೆ. ಅದು ಯಾರ ಹೆಗಲಲ್ಲಿದೆಯೋ ಗುಡ್ಡ ಅವರದು. ಕಾಟಯ್ಯನಿಗೆ ಮೂವರು ಮಕ್ಕಳು. ದೊಡ್ಡವನು ಸೂರಯ್ಯ, ನಡುವಿನವನು ಬೊಮ್ಮಯ್ಯ, ಕಡೆಯವಳು ಈರಕ್ಕ. ಮೂವರೂ ಗುರಿಕಾರರೇ. ಆದರೆ ಈರಕ್ಕ ಎಡಚಿ. ಎಡಗೈಯಲ್ಲಿ ಹೆದೆ ಎಳೀತಾಳೆ ಅಂತ ಅಣ್ಣಂದಿರು ನಗೋರು, ಅವಳೂ ನಗೋಳು.

ಆ ವರ್ಷ ನವಣೆ ತೆನೆ ಬಿಡೋ ಹೊತ್ತಿಗೆ ಒಂದು ಒಂಟಿ ಹಂದಿ ಬಂತಂತೆ, ಎಮ್ಮೆ ಕರುವಿನಷ್ಟು ದಪ್ಪ. ಕಾಟಯ್ಯ ಅಡ್ಡ ನಿಂತ. ಅದು ಅವನನ್ನು ಕೆಡವಿ ಬಲಗೈ ಮುರೀತು, ಬಿಲ್ಲನ್ನು ತುಳಿದು ಸೀಳಿತು, ಹೊಲಕ್ಕೆ ಹೋಗಿ ಹೊಟ್ಟೆ ತುಂಬ ತಿಂತು. ಆಮೇಲೆ ಊರ ಗೌಡ ಮನೆ ಬಾಗಿಲಿಗೆ ಬಂದನಂತೆ. ಬೈಯಲಿಲ್ಲ. ತೆನೆ ಬಲಿಯೋಕೆ ಇನ್ನೊಂದು ತಿಂಗಳಿದೆ ಕಾಟಯ್ಯ, ಅಷ್ಟರೊಳಗೆ ಹಂದಿ ಬೀಳಬೇಕು, ಬೀಳದಿದ್ದರೆ ಕೊಂಬು ಆಚೆ ಗುಡ್ಡದವರಿಗೆ ಕೊಡ್ತೀವಿ, ನೀವು ಬೇರೆ ಊರು ನೋಡಿಕೊಳ್ಳಿ, ಅಂದ. ಮಜ್ಜಿಗೆ ಕುಡಿದು ಹೋದ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತಂತೆ ಈರಕ್ಕನಿಗೆ.

ಆಮೇಲೆ ಕಾಟಯ್ಯ ಮೂವರನ್ನೂ ಕೂರಿಸಿಕೊಂಡು, ಹಂದಿ ಕೆಡವಿದವರಿಗೆ ಕೊಂಬು, ಅಂದ. ನಿಮ್ಮ ಬಿಲ್ಲುಗಳು ಮೊಲಕ್ಕೆ, ಕವುಜುಗದ ಹಕ್ಕಿಗೆ ಆದಾವು, ಹಂದಿಗೆ ಆಗಲ್ಲ, ಮೇದರ ಕೆಂಚಜ್ಜನ ಹತ್ತಿರ ಹೋಗಿ ಹೊಸದು ಮಾಡಿಸಿ, ಅಂದ. ಸೂರಯ್ಯ ಒಪ್ಪಲಿಲ್ಲ. ಆ ಮುದುಕ ಒಂದು ಬಿಲ್ಲಿಗೆ ಮೂರು ಸಲ ತಿರುಗಿಸ್ತಾನೆ, ಪೇಟೆಯಲ್ಲಿ ಮೂರು ಬಾಗಿಲಿನ ಅಂಗಡಿ ಇದೆ, ಹೋಗೋದು ತರೋದು, ಅಂದನಂತೆ. ಬೊಮ್ಮಯ್ಯ ಅಣ್ಣ ಹೇಳಿದ್ದಕ್ಕೆ ತಲೆಯಾಡಿಸೋನು, ಆಗಲೂ ಆಡಿಸಿದ. ಮೂವರೂ ಬಿಲ್ಲಿನ ಬೆಲೆಗೆ ಅಂತ ಸೋರೆಬುರುಡೆಯಲ್ಲಿ ಜೇನುತುಪ್ಪ ತುಂಬಿಕೊಂಡು ಪೇಟೆಗೆ ಹೊರಟರು.

ಆ ಅಂಗಡಿ ವರದಪ್ಪ ಶೆಟ್ಟಿಯದು. ಉಪ್ಪಿನಿಂದ ಹಿಡಿದು ಕುದುರೆ ಜೀನಿನವರೆಗೆ ಅಲ್ಲಿ ಇಲ್ಲದ್ದೇ ಇಲ್ಲ. ಒಳಗೆ ಹೋದರೆ ಕೂರೋಕೆ ಜಮಖಾನ, ಕುಡಿಯೋಕೆ ಪಾನಕ. ಗೋಡೆ ತುಂಬ ಬಿಲ್ಲು, ನೂರಾದರೂ ಇದ್ದಾವು. ಒಂದಕ್ಕೆ ನವಿಲು ಬರೆದಿದ್ದರೆ ಇನ್ನೊಂದಕ್ಕೆ ಹುಲಿ. ಎಲ್ಲಕ್ಕೂ ಹೆದೆ ಏರಿಸಿ ಬಿದಿಗೆ ಚಂದ್ರನ ಹಾಗೆ ಸಾಲಾಗಿ ನೇತುಹಾಕಿದ್ದರಂತೆ. ಸೂರಯ್ಯ ನವಿಲಿನ ಬಿಲ್ಲು ತಗೊಂಡು ಎಳೆದ. ಕಿವಿತನಕ ಸಲೀಸಾಗಿ ಬಂತು. ಬೆಣ್ಣೆ ಇದ್ದ ಹಾಗಿದೆ ಕಣೋ, ಅಂದ. ಬೊಮ್ಮಯ್ಯ ಹುಲಿಯದನ್ನು ಎಳೆದ, ಅದೂ ಬೆಣ್ಣೆಯೇ.

ಈರಕ್ಕನಿಗೂ ಒಂದು ಇಷ್ಟವಾಯಿತಂತೆ. ಕೈಯಲ್ಲಿ ಹಿಡಿದುಕೊಂಡು, ಇದನ್ನು ಮಾಡಿದ್ದು ಯಾರು ಅಂತ ಕೇಳಿದಳು. ಯಾಕೆ ಅಂದರೆ, ಅವರಲ್ಲಿ ಒಂದು ಪದ್ಧತಿ. ಹೊಸ ಬಿಲ್ಲಿಗೆ ಬಿದ್ದ ಮೊದಲ ಬೇಟೆಯ ಮುಂಗಾಲು, ಆ ಬಿಲ್ಲು ಮಾಡಿದವನಿಗೆ. ಅದಕ್ಕೆ ಬಿಲ್ಲಿನ ಪಾಲು ಅನ್ನೋರು. ಶೆಟ್ಟಿ ಒಳ್ಳೆಯವನೇ, ಸುಳ್ಳು ಹೇಳಲಿಲ್ಲ. ಗಾಡಿಯಲ್ಲಿ ಕಟ್ಟು ಕಟ್ಟಾಗಿ ಬರುತ್ತೆ ತಾಯಿ, ಯಾರು ಮಾಡ್ತಾರೋ ನನಗೂ ಗೊತ್ತಿಲ್ಲ, ಅಂದ. ಹಾಗಾದರೆ ಮುಂಗಾಲು ಯಾರಿಗೆ ಕೊಡೋದು ಅಂದಳು ಈರಕ್ಕ. ಹಂದಿ ಇನ್ನೂ ಓಡಾಡ್ತಾ ಇದೆ, ಇವಳು ಆಗಲೇ ಕಾಲು ಹಂಚ್ತಾಳೆ, ಅಂತ ಸೂರಯ್ಯ ಗದರಿದ. ಅಂಗಡಿಯವರೆಲ್ಲ ನಕ್ಕರು. ಅವಳು ಬಿಲ್ಲನ್ನು ಗೂಟಕ್ಕೆ ತೂಗುಹಾಕಿ ಬರಿಗೈಯಲ್ಲಿ ಬಂದಳಂತೆ.

ಹ್ಞೂಂ ಅನ್ನು.

ಮಾರನೇ ದಿನ ಈರಕ್ಕ ಕೆಂಚಜ್ಜನ ಗುಡಿಸಿಲಿಗೆ ಹೋದಳು. ಊರಾಚೆ ಹುಣಸೆಮರದ ಕೆಳಗೆ ಅವನು ಬುಟ್ಟಿ ಹೆಣೀತಾ ಕೂತಿದ್ದ. ಜಮಖಾನ ಇಲ್ಲ, ಪಾನಕ ಇಲ್ಲ. ಒಳಗೆ ಮೂಲೆಯಲ್ಲಿ ನಾಲ್ಕು ಕೋಲು ಒರಗಿಸಿತ್ತು. ಅವೇ ಬಿಲ್ಲುಗಳಂತೆ, ಹೆದೆ ಇಲ್ಲದ ಬಿಲ್ಲು ಕುರಿ ಕಾಯೋ ಕೋಲಿನ ಹಾಗೇ ಕಾಣುತ್ತೆ. ಅದರಲ್ಲೊಂದು ಕೊಡಜ್ಜಾ ಅಂದಳು. ಅವು ಬೇರೆಯವರ ಕೈಯವು, ಅಂದ ಅಜ್ಜ. ಅವಳ ಕೈಗೆ ಒನಕೆ ಕೊಟ್ಟು ಎತ್ತಿಸಿದ, ಯಾವ ಕೈ ಮುಂದೆ ಬಂತು ಅಂತ ನೋಡಿದ. ಒಂದು ದಾರ ತಗೊಂಡು ಎದೆಯಿಂದ ಬೆರಳ ತುದಿತನಕ ಅಳೆದು ಗಂಟು ಹಾಕಿದ. ಹೋಗಿ ಹತ್ತು ದಿನ ಬಿಟ್ಟು ಬಾ, ಅಂದ. ಅಜ್ಜಾ, ಹಂದಿ ಹತ್ತು ದಿನ ಕಾಯಲ್ಲ ಅಂದಳು. ಅಜ್ಜ ಬುಟ್ಟಿಯಿಂದ ತಲೆ ಎತ್ತದೆ, “ಬಿದಿರು ಇನ್ನೂ ಹದಕ್ಕೆ ಬಂದಿಲ್ಲ ಅಂತ ಅದಕ್ಕೆ ಹೇಳು,” ಅಂದನಂತೆ.

ಆ ಹತ್ತು ದಿನದಲ್ಲಿ ಸೂರಯ್ಯ ಒಂದು ಸಂಜೆ ಹೊಲದ ಬದುವಿನಲ್ಲಿ ಹಂದಿಗೆ ಕಾದು ಹೊಡೆದ. ಗುರಿ ತಪ್ಪಲಿಲ್ಲ, ಬಾಣ ಹೆಗಲಿಗೇ ತಾಗಿತು. ಆದರೆ ಮುಳ್ಳು ಚುಚ್ಚಿದಷ್ಟು ಚುಚ್ಚಿ ನೇತಾಡಿತಂತೆ. ಹಂದಿ ಮೈ ಕೊಡವಿತು, ಬಾಣ ಬಿತ್ತು, ಅದು ಮತ್ತೆ ನವಣೆ ಮೇಯೋಕೆ ಶುರು ಮಾಡಿತು. ಇದು ಚಿಕ್ಕ ಬಿಲ್ಲಾಯಿತು ಅಂತ ಬೊಮ್ಮಯ್ಯ ತನ್ನ ಹುಲಿ ಬಿಲ್ಲನ್ನು ಪೇಟೆಗೆ ಒಯ್ದ. ಶೆಟ್ಟಿ ಅದನ್ನು ಬದಲಾಯಿಸಿ ಆನೆ ಬರೆದ ದೊಡ್ಡ ಬಿಲ್ಲು ಕೊಟ್ಟ. ಅದೂ ಹೋದ ದೀಪಾವಳಿಯಿಂದ ಹೆದೆ ಏರಿಸಿಕೊಂಡೇ ಗೂಟದಲ್ಲಿ ತೂಗ್ತಾ ಇದ್ದದ್ದು. ಆಮೇಲೆ ಬೊಮ್ಮಯ್ಯನೂ ಹೊಡೆದ. ಬಾಣ ಹಂದಿಯ ಮುಂದೆ ಒಂದು ಮಾರು ದೂರದಲ್ಲೇ ನೆಲಕ್ಕೆ ನಾಟಿತು. ಹಂದಿ ಅದನ್ನು ಮೂಸಿ ನೋಡಿತಂತೆ.

ಈರಕ್ಕ ಎರಡನೇ ಸಲ ಹೋದಳು. ಬಿಲ್ಲು ಅರ್ಧ ಆಗಿತ್ತು. ಅಜ್ಜ ಅವಳ ಕೈಯಲ್ಲಿ ಎಳೆಸಿ, ಎಲ್ಲಿ ಬಾಗುತ್ತೆ ಎಲ್ಲಿ ಬಾಗಲ್ಲ ನೋಡಿ, ಬಾಗದ ಕಡೆ ಕತ್ತಿಯಿಂದ ಹೆರೆದ. ಮತ್ತೆ ಎಳೆಸಿದ, ಮತ್ತೆ ಹೆರೆದ. ಮಧ್ಯಾಹ್ನ ಕಳೀತು. ಐದು ದಿನ ಬಿಟ್ಟು ಬಾ, ಅಂದ.

ಮೂರನೇ ಸಲ ಬಿಲ್ಲು ಕೈಗೆ ಬಂತು. ಬಣ್ಣ ಇಲ್ಲ, ಹೆದೆಯೂ ಇಲ್ಲ. ಹೆದೆ ಎಲ್ಲಜ್ಜಾ ಅಂದಳು. “ಪೇಟೆ ಶೆಟ್ಟಿಯ ಹತ್ತಿರ ತಗೋ. ಹೆದೆ ಅವನದೇ ಚೆನ್ನ,” ಅಂದ ಅಜ್ಜ. ಅವಳು ಬಾಗಿಲು ದಾಟಿದ ಮೇಲೆ, “ಹೊಡೆಯೋವಾಗ ಏರಿಸು. ಹೊಡೆದ ಮೇಲೆ ಇಳಿಸು,” ಅಂದ. ಅವನ ಬಾಯಿಂದ ಒಂದೇ ದಿನ ಅಷ್ಟು ಮಾತು ಬಂದದ್ದೇ ಹೆಚ್ಚಂತೆ.

ಪೇಟೆಯಲ್ಲಿ ಅಂಗಡಿಯ ಆಳು ಅವಳ ಕೋಲು ನೋಡಿ, ಏನು ತಂಗಿ, ಎಮ್ಮೆ ಹೊಡ್ಕೊಂಡು ಬಂದೆಯಾ ಅಂದ. ಎಮ್ಮೆಗೇ ಹೆದೆ ಕೊಡು ಅಂದಳು ಈರಕ್ಕ. ಶೆಟ್ಟಿ ಸೆಣಬಿನ ಹೆದೆ ತೆಗೆದ, ಮೇಣ ತೀಡಿ ಹೊಸೆದದ್ದು, ಒಳ್ಳೇ ಹೆದೆ. ಏರಿಸಿ ಎಳೆದು ನೋಡಿದ. ಗೇಣಿನಷ್ಟು ಬಂತು, ಮೇಲೆ ಬರಲಿಲ್ಲ. ಆಳು ಎಳೆದ, ಅವನಿಗೂ ಬರಲಿಲ್ಲ. ಈರಕ್ಕ ಎಡಗೈಯಲ್ಲಿ ಎಳೆದಳು, ದವಡೆತನಕ ಬಂತು. ಅಂಗಡಿಯಲ್ಲಿ ಯಾರೂ ನಗಲಿಲ್ಲವಂತೆ.

ಅಲ್ಲಿ ತಪ್ಪಾಯಿತು ನೋಡು. ಯಾರೂ ನಗಲಿಲ್ಲವಲ್ಲ, ಅವಳಿಗೆ ಹೆಮ್ಮೆ ಬಂತು. ಏರಿಸಿದ ಬಿಲ್ಲನ್ನು ಹಾಗೇ ಹೆಗಲಿಗೆ ಹಾಕಿಕೊಂಡು ಊರೊಳಗೇ ಬಂದಳು, ಅಣ್ಣಂದಿರ ಮುಂದೆ ಎರಡು ಸಲ ಸುಳಿದಳು. ಆಮೇಲೆ ಹೊಲದ ಅಟ್ಟಣೆ ಹತ್ತಿ ಕೂತಳು. ಹಂದಿ ಯಾವಾಗ ಬರುತ್ತೋ, ಇಳಿಸಿ ಏರಿಸೋಕೆ ಹೊತ್ತೆಲ್ಲಿ ಸಿಗುತ್ತೆ ಅಂತ ಇಳಿಸಲೇ ಇಲ್ಲ. ಮೂರು ದಿನ ಹಂದಿ ಬರಲಿಲ್ಲ. ನಾಲ್ಕನೇ ದಿನ ಹೆದೆ ಎಳೆದರೆ ಸಲೀಸಾಗಿ ಬಂತಂತೆ. ಬೆಣ್ಣೆಯ ಹಾಗೆ.

ಪೇಟೆಯ ಬಿಲ್ಲುಗಳು ಯಾಕೆ ಬೆಣ್ಣೆಯಾಗಿದ್ದವು ಅಂತ ಆಗ ಅವಳಿಗೆ ಗೊತ್ತಾಯಿತು. ಕೆಂಚಜ್ಜನ ಹತ್ತಿರ ಓಡಿ, ಇಳಿಸಲಿಲ್ಲ ಅಜ್ಜಾ, ನಂದೇ ತಪ್ಪು ಅಂದಳು. ಅಜ್ಜ ಹೆದೆ ಬಿಚ್ಚಿ, ಬಾಗಿದ ಬಿದಿರನ್ನು ಕೈಯಲ್ಲಿ ನೀವಿ, ನೆರಳಲ್ಲಿ ತೂಗುಹಾಕಿದ. “ಒಂದು ವರ್ಷ ತೂಗಿದ್ದರೆ ಕಸುವೇ ಹೋಗ್ತಿತ್ತು. ಮೂರು ದಿನ ತಾನೆ. ಮೂರು ದಿನ ಮಲಗಲಿ,” ಅಂದ. ಗೌಡ ಹೇಳಿದ ಗಡುವಿಗೆ ಉಳಿದಿದ್ದದ್ದು ನಾಲ್ಕೇ ದಿನ. ಅವಳು ಮೂರು ದಿನವೂ ಆ ಹುಣಸೆಮರದ ಕೆಳಗೆ ಕೂತು ಬುಟ್ಟಿಗೆ ಬಿದಿರು ಸೀಳಿಕೊಟ್ಟಳಂತೆ.

ನಾಲ್ಕನೇ ದಿನ ಬೆಳಕು ಹರಿಯೋ ಮುಂಚೆ ಹಂದಿ ಹೊಲದಿಂದ ಗುಡ್ಡಕ್ಕೆ ಹಿಂತಿರುಗೋ ಕೊರಕಲಿನಲ್ಲಿ ಈರಕ್ಕ ಕಾದಳು. ಬಿಲ್ಲು ಕೋಲಿನ ಹಾಗೇ ಪಕ್ಕದಲ್ಲಿತ್ತು. ಅಪ್ಪ ಕಟ್ಟು ಹಾಕಿದ ಕೈ ಹೊತ್ತುಕೊಂಡು ಮೇಲಿನ ಬಂಡೆಯಲ್ಲಿ ಕೂತಿದ್ದ, ಅಣ್ಣಂದಿರು ಮರ ಹತ್ತಿದ್ದರು. ಸೊಪ್ಪು ಮುರಿಯೋ ಸದ್ದು ಕೇಳಿತು. ಏರಿಸೇ ಏರಿಸೇ ಅಂತ ಸೂರಯ್ಯ ಮರದಿಂದ ಪಿಸುಗುಟ್ಟಿದ. ಅವಳು ಕೋಲನ್ನು ಕಾಲಿಗೆ ಒತ್ತಿ ಬಾಗಿಸಿ, ಹೆದೆ ಏರಿಸಿದಳು. ಅಷ್ಟರಲ್ಲಿ ಹಂದಿ ತಿರುವಿಗೆ ಬಂದು ಅವಳನ್ನು ನೋಡಿ ನಿಂತಿತು. ಅವಳು ಬಾಣ ಹೂಡಿ ಎಳೆದಳು, ಹೆದೆ ಬಿಗಿಯಾಗಿ ಬಂತು. ಹಂದಿ ನುಗ್ಗಿತು. ಅವಳು ಬಿಟ್ಟಳು. ಬಾಣ ಕತ್ತಿನ ಬುಡದಲ್ಲಿ ಗರಿತನಕ ಒಳಗೆ ಹೋಯಿತಂತೆ. ಹಂದಿ ಹತ್ತು ಹೆಜ್ಜೆ ಓಡಿ ಬಂದು, ಅವಳ ಕಾಲಿಗೆ ಒಂದು ಮಾರು ದೂರದಲ್ಲಿ ಮೊಣಕಾಲೂರಿತು. ಅಲ್ಲೇ ಮಲಗಿತು.

ಈರಕ್ಕ ಮೊದಲು ಮಾಡಿದ ಕೆಲಸ ಹೆದೆ ಇಳಿಸಿದ್ದು.

ಆಮೇಲೆ ಊರೆಲ್ಲ ಬಂತು, ಪಾಲು ಹಾಕಿದರು. ಮುಂಗಾಲು ಹೊತ್ತುಕೊಂಡು ಈರಕ್ಕ ಕೆಂಚಜ್ಜನ ಹತ್ತಿರ ಹೋದಳು. ಅವನು ಕಾಲು ನೋಡಲಿಲ್ಲ, ಬಿಲ್ಲು ಈಸಿಕೊಂಡು ಅದರ ಬೆನ್ನು ಬಾಗಿದೆಯಾ ಅಂತ ನೋಡಿದ, ಸೈ ಅಂದ. ಹೆದೆ ಕೊಟ್ಟ ಶೆಟ್ಟಿಗೂ ಒಂದು ಪಾಲು ಬೇಡವಾ ಅಂತ ಅವಳು ಕೇಳಿದ್ದಕ್ಕೆ ಹಿರಿಯರು ಪೇಚಿಗೆ ಬಿದ್ದರು. ಶೆಟ್ಟಿಯ ಮನೆಯಲ್ಲಿ ಮಾಂಸದ ಹೆಸರೂ ಎತ್ತುವಂತಿಲ್ಲ. ಕಡೆಗೆ ಹಂದಿ ಉಳಿಸಿದ ನವಣೆಯಲ್ಲಿ ಒಂದು ಬುಟ್ಟಿ ಕಳಿಸಿದರಂತೆ.

ಬುಟ್ಟಿ ಒಯ್ದವಳು ಈರಕ್ಕನೇ. ಶೆಟ್ಟರೇ, ನಿಮ್ಮ ಬಿಲ್ಲುಗಳು ಬಾಗಿ ಬಾಗಿ ದಣಿದಿವೆ, ಹೆದೆ ಇಳಿಸಿ ಅಂದಳು. ಅವನು ಅವತ್ತೇ ಇಳಿಸಿದ. ಮಾರನೇ ದಿನದಿಂದ ಬಂದವರೆಲ್ಲ, ಬಿಲ್ಲೆಲ್ಲಿ, ಬರೀ ಕೋಲು ಮಾರ್ತೀರಲ್ಲ ಅನ್ನೋರು. ಹೇಳಿ ಹೇಳಿ ಆಳಿನ ಗಂಟಲು ಒಣಗಿತಂತೆ. ಆಮೇಲೆ ಶೆಟ್ಟಿ ಒಂದು ಲೆಕ್ಕ ಹಾಕಿ, ಗಾಡಿ ಕಟ್ಟಿಸಿಕೊಂಡು ಕೆಂಚಜ್ಜನ ಗುಡಿಸಿಲಿಗೇ ಬಂದ. ಅಜ್ಜಾ, ನನಗೆ ನೂರು ಬಿಲ್ಲು ಮಾಡಿಕೊಡು, ಅಂದ.

“ಆಗಲಿ,” ಅಂದ ಕೆಂಚಜ್ಜ. “ನೂರು ಜನರನ್ನು ಕಳಿಸು. ಕೈ ಅಳೀಬೇಕು.”

ಶೆಟ್ಟಿ ತನ್ನ ಕೈಯನ್ನೇ ಚಾಚಿದನಂತೆ.

ಕೊಂಬು ಈರಕ್ಕನ ಹೆಗಲಿಗೆ ಬಂತು, ಮನೆ ಅಲ್ಲೇ ಉಳೀತು. ಸೂರಯ್ಯ ಬೊಮ್ಮಯ್ಯ ಕೆಂಚಜ್ಜನ ಹತ್ತಿರ ಹೋಗಿ ಒನಕೆ ಎತ್ತಿದರು, ಮೂರು ಮೂರು ಸಲ ತಿರುಗಿದರು. ಈರಕ್ಕ ದಿನಾ ಕಾವಲು ಮುಗಿಸಿ ಬಂದು ಹೆದೆ ಬಿಚ್ಚಿ, ಬಿಲ್ಲನ್ನು ಗೋಡೆಗೆ ಒರಗಿಸಿ ಮಲಗೋಳು.

ಹ್ಞೂಂ ನಿಂತೇ ಹೋಯಿತಲ್ಲ. ಸರಿ, ನೀನೂ ಮಲಗು. ಬಿಲ್ಲಿನ ಹೆದೆ ಇಳೀತು, ಕತೆ ಮುಗೀತು.