ನೆರಳಿಲ್ಲದ ಹೊಳೆದಾರಿ

"ಗುರುಗಳೇ, ಅಣ್ಣನಿಗೆ ನನ್ನ ಮೇಲಿರುವ ಸಿಟ್ಟು ಇಳಿಯಲಿ ಎಂದು ಕಾಯುತ್ತಿದ್ದೇನೆ. ಇಳಿದ ಮೇಲೆ ಹೋಗಿ ಕಾಲಿಗೆ ಬೀಳುತ್ತೇನೆ. ಅದು ಇಳಿದದ್ದು ನನಗೆ ತಿಳಿಯುವುದು ಹೇಗೆ?" ಎಂದು ಮಡಿವಾಳಯ್ಯ ಎಂಬ ಶಿಷ್ಯ ಕೇಳಿದ. ತಪ್ಪು ತನ್ನದೇ ಎಂದು ಅವನಿಗೆ ಗೊತ್ತಿತ್ತು. ಆದರೂ ಮಠದ ಜಗುಲಿ ಬಿಟ್ಟು ಕದಲಿರಲಿಲ್ಲ.

ಗುರುಗಳು ನಕ್ಕರು. "ಜಾಣನಪ್ಪ ನೀನು. ತಪ್ಪು ಮಾಡಿದವನು ನೀನು, ಸಿಟ್ಟು ಇಳಿಸಿಕೊಳ್ಳುವ ಕೆಲಸ ಮಾತ್ರ ಅವನದು. ಇರಲಿ, ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಪಡುವಣ ಕಡಲಿನಾಚೆ ಆಲಿವ್ ಮರಗಳ ಒಂದು ನಾಡು. ಅಲ್ಲಿ ಮಳೆಯೆಲ್ಲ ಚಳಿಗಾಲದಲ್ಲೇ. ಬೇಸಿಗೆಯಲ್ಲಿ ಒಂದು ಹನಿಯೂ ಬೀಳದು. ಬೆಟ್ಟದ ಮೇಲೊಂದು ಊರು, ಕೆಳಗೊಂದು ಊರು. ಎರಡನ್ನೂ ಕೂಡಿಸುವುದು ಹೊಳೆ ದಂಡೆಯ ಕಾಲುದಾರಿ. ದಂಡೆಯ ಕಾಡನ್ನು ಜನ ಜತನದಿಂದ ಕಾಪಾಡಿಕೊಂಡಿದ್ದರು; ಅಲ್ಲಿ ಯಾರೂ ಕೊಡಲಿ ಎತ್ತುವಂತಿರಲಿಲ್ಲ. ದಾರಿಯುದ್ದಕ್ಕೂ ನೆರಳು. ನಡೆಯುವವರು ತಲೆವಸ್ತ್ರವನ್ನು ಹೊಳೆಯಲ್ಲಿ ಅದ್ದಿ ಸುತ್ತಿಕೊಳ್ಳುತ್ತಿದ್ದರು. ಹೊಳೆಯ ನೀರನ್ನು ಮನೆಯೊಳಗೆ ಒಯ್ಯಬಾರದೆಂಬ ಪದ್ಧತಿ ಇತ್ತು. ಆದ್ದರಿಂದ ದಾರಿ ಮುಗಿಯುವ ಮೊದಲು ಮರಗಳ ಬುಡದಲ್ಲಿ ಆ ವಸ್ತ್ರವನ್ನು ಹಿಂಡುತ್ತಿದ್ದರು.

ಒಂದು ಚಳಿಗಾಲ ಹೊಳೆ ಉಕ್ಕಿ ಬಂದು ಮರಗಳನ್ನೆಲ್ಲ ಎಳೆದುಕೊಂಡು ಹೋಯಿತು. ಜನ ಅತ್ತರು. ಪಾಪ, ಆ ಕಾಡಿನ ಮೇಲೆ ಅವರಿಗೆ ಅಷ್ಟು ಪ್ರೀತಿ. ಆ ಪ್ರೀತಿಯಿಂದಲೇ ದಾರಿಗೆ ಅಡ್ಡಲಾಗಿ ಮುಳ್ಳು ಹಾಕಿದರು. ನೆರಳು ಮರಳಿ ಬರುವವರೆಗೆ ಯಾರೂ ತುಳಿಯಬಾರದು ಎಂದರು. ಬೇಸಿಗೆ ಬಂತು. ಉಳಿದ ಬೇರುಗಳಿಂದ ಚಿಗುರೊಡೆದ ಸಸಿಗಳು ಒಂದೊಂದಾಗಿ ಬಾಡಿದವು.

ಕೆಳಗಿನ ಊರಿನಲ್ಲಿ ಬುಟ್ಟಿ ಹೆಣೆಯುವವಳೊಬ್ಬಳಿದ್ದಳು. ಅವಳು ಮುಳ್ಳು ಸರಿಸಿ ದಾರಿಗಿಳಿದಳು. ಊರಿನ ಯಜಮಾನ ಓಡಿ ಬಂದ.

"ಏನಮ್ಮಾ, ಈ ಬಿಸಿಲಿನಲ್ಲಿ ಸಾಯಬೇಕೆಂದಿದ್ದೀಯಾ? ನೆರಳು ಬರಲಿ, ಆಮೇಲೆ ಹೋಗುವೆಯಂತೆ."

"ನಾನು ಕಾದೇನು ಯಜಮಾನರೇ. ಮೇಲಿನ ಊರಿನಲ್ಲಿ ನನ್ನಕ್ಕ ಹಾಸಿಗೆ ಹಿಡಿದಿದ್ದಾಳೆ. ಅವಳು ಕಾಯಬೇಕಲ್ಲ."

ಅವಳು ಹೋದಳು, ಬಂದಳು, ಮತ್ತೆ ಹೋದಳು. ಬಿಸಿಲಿಗೆ ಮುಖ ಸುಟ್ಟು ಕಪ್ಪಾಯಿತು. ವಸ್ತ್ರ ಹಿಂಡಲು ಮರವಿರಲಿಲ್ಲ. ಹಳೆಯ ಮರಗಳಿದ್ದ ಜಾಗಗಳನ್ನು ನೆನಪು ಮಾಡಿಕೊಂಡು ಅಲ್ಲೇ ಹಿಂಡಿದಳು. ಒಂದು ವಸ್ತ್ರದ ನೀರು ಎಷ್ಟು ಮಹಾ ಎನ್ನಬೇಡ. ಆ ಜಾಗಗಳಲ್ಲಿ ಕೆಲವು ಸಸಿಗಳು ಹಸಿರಾಗಿಯೇ ಉಳಿದವು. ಅಕ್ಕನೂ ತಂಗಿಯ ಮುಖ ಕಂಡು ಎದ್ದು ಕುಳಿತಳು. ಸುದ್ದಿ ಕೇಳಿ ಮೇಲಿನ ಊರಿನವರು ಒಬ್ಬೊಬ್ಬರಾಗಿ ಇಳಿದು ಬಂದರು. ಕೆಳಗಿನವರು ನಾಚಿಕೊಂಡು ಮುಳ್ಳು ತೆಗೆದರು. ಹೋಗುವವರು ಬರುವವರೆಲ್ಲ ಸಸಿಗಳ ಬುಡದಲ್ಲಿ ವಸ್ತ್ರ ಹಿಂಡತೊಡಗಿದರು. ಈಗ ಆ ದಾರಿಯಲ್ಲಿ ಉರಿಬಿಸಿಲಿನಲ್ಲೂ ತಂಪಾಗಿ ನಡೆಯಬಹುದಂತೆ.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯನ ಮುಖ ಅರಳಿತ್ತು. ಆದರೂ ಅಳುಕು ಹೋಗಿರಲಿಲ್ಲ.

"ಅಷ್ಟು ನೆರಳಾಗಲು ಎಷ್ಟು ವರ್ಷ ಹಿಡಿಯಿತು, ಗುರುಗಳೇ?"

"ನಡೆದವಳು ಅದನ್ನು ಒಮ್ಮೆಯೂ ಕೇಳಲಿಲ್ಲ, ಮಡಿವಾಳಯ್ಯ, ಕೇಳಿದವರೆಲ್ಲ ಮುಳ್ಳಿನ ಈಚೆ ಕುಳಿತವರು."

ಶಿಷ್ಯ ಎದ್ದು ಜಗುಲಿಯಿಂದ ಇಳಿದ.